ಸೈಕ್ಲೋನು ಕರಾವಳಿಯಲ್ಲಿ ಮುಗಿಯಲ್ಲ: ಫೆಂಗಲ್ ನಡೆದ ದಾರಿ ಮತ್ತು ರಾಮನಗರದ ರಾಗಿ ಹೊಲ

2024ರ ನವೆಂಬರ್ 23ರಂದು ಚನ್ನಪಟ್ಟಣ ಉಪಚುನಾವಣೆಯ ಫಲಿತಾಂಶ ಬಂತು. ಕಾಂಗ್ರೆಸ್‌ನ ಸಿ.ಪಿ. ಯೋಗೇಶ್ವರ್ ಅವರು ಎನ್‌ಡಿಎ ಅಭ್ಯರ್ಥಿ ನಿಖಿಲ್ ಕುಮಾರಸ್ವಾಮಿ ಅವರನ್ನು 25,413 ಮತಗಳ ಅಂತರದಿಂದ ಸೋಲಿಸಿದ್ದರು. ಯಾವ ಹೋಬಳಿ ಎಷ್ಟು ಲೀಡ್ ಕೊಡ್ತು, ಯಾರು ಕೈ ಕೊಟ್ಟರು ಅನ್ನೋ ಲೆಕ್ಕ ಟೀ ಅಂಗಡಿಗಳಲ್ಲಿ ಇನ್ನೂ ಮುಗಿದಿರಲಿಲ್ಲ. ಎರಡೇ ದಿನಕ್ಕೆ, ನವೆಂಬರ್ 25ರಂದು, ಬಂಗಾಳ ಕೊಲ್ಲಿಯಲ್ಲಿ ಒಂದು ವಾಯುಭಾರ ಕುಸಿತ ರೂಪುಗೊಂಡಿತು. ನಾಲ್ಕು ದಿನ ಕಳೆದ ಮೇಲೆ ಅದಕ್ಕೆ 'ಫೆಂಗಲ್' ಅಂತ ಹೆಸರಾಯಿತು. ಇನ್ನೆರಡು ದಿನಕ್ಕೆ ಅದರ ಮೋಡ ನಮ್ಮ ಜಿಲ್ಲೆಯ ಮೇಲಿತ್ತು. ಹೊಲದಲ್ಲಿ ಆಗ ರಾಗಿ ಕುಯ್ಲಿನ ಕಾಲ.

ಟೀವಿಯಲ್ಲಿ ಸೈಕ್ಲೋನು ಅಂದರೆ ಮುರಿದು ಬಿದ್ದ ತೆಂಗಿನ ಮರ, ಹಾರಿಹೋದ ಶೀಟು, ರೈನ್‌ಕೋಟ್ ಹಾಕಿಕೊಂಡು ಕಡಲ ತೀರದಲ್ಲಿ ನಿಂತ ವರದಿಗಾರ. ತೀರ ದಾಟಿದ ಮೇಲೆ 'ಚಂಡಮಾರುತ ದುರ್ಬಲಗೊಂಡಿದೆ' ಅಂತ ಒಂದು ಸಾಲು. ಅಲ್ಲಿಗೆ ಸುದ್ದಿ ಮುಗೀತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗೆ ಸೈಕ್ಲೋನು ಶುರುವಾಗೋದೇ ಆ ಸಾಲಿನ ನಂತರ. ನಮ್ಮಲ್ಲಿ ಮರ ಉರುಳಲ್ಲ, ಮನೆ ಹಾರಲ್ಲ. ಮೂರು ದಿನ ಸೋನೆ ಮಳೆ ಹಿಡಿದು, ಒಂದು ವರ್ಷದ ದುಡಿಮೆ ನೆನೆದು ಕಪ್ಪಾಗುತ್ತೆ. ಈ ನಷ್ಟವನ್ನು ಅಳೆಯುವ ಕೋಲು ನಮ್ಮ ಎಚ್ಚರಿಕೆ ವ್ಯವಸ್ಥೆಯಲ್ಲೂ ಇಲ್ಲ, ಪರಿಹಾರದ ವ್ಯವಸ್ಥೆಯಲ್ಲೂ ಸರಿಯಾಗಿಲ್ಲ. ಈ ಲೇಖನದ ವಾದ ಇಷ್ಟೇ.

ನಾನು ಕನಕಪುರ ತಾಲ್ಲೂಕಿನ ರಾಗಿ ಬೆಳೆಯುವ ಮನೆಯಿಂದ ಬಂದವನು. ಹವಾಮಾನ ವಿಜ್ಞಾನಿ ಅಲ್ಲ. ಆದರೆ ನಮ್ಮ ದೊಡ್ಡಪ್ಪ ಹೇಳುವ ಒಂದು ಮಾತಿನಲ್ಲಿ ವಿಜ್ಞಾನ ಇದೆ ಅಂತ ನಂಬಿರುವವನು: "ಮಡ್ರಾಸ್‌ನಾಗೆ ಅಲೆ ಎದ್ರೆ ಇಲ್ಲಿ ನಮ್ ಮೆದೆ ನೆನೀತದೆ ಕನಪ್ಪ."

ಒಂದೇ ಬಿರುಗಾಳಿ, ಮೂರು ಹೆಸರು

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ. ಅಟ್ಲಾಂಟಿಕ್‌ನಲ್ಲಿ ಹರಿಕೇನ್, ಪೆಸಿಫಿಕ್‌ನ ಪಶ್ಚಿಮ ಭಾಗದಲ್ಲಿ ಟೈಫೂನ್, ನಮ್ಮ ಕಡೆ ಸೈಕ್ಲೋನ್. ಮೂರೂ ಹುಟ್ಟೋದು ಒಂದೇ ರೀತಿ. ಸಮುದ್ರದ ಮೇಲ್ಮೈ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿದ್ದಾಗ ಅಲ್ಲಿಂದ ತೇವ ತುಂಬಿದ ಗಾಳಿ ಮೇಲೇರುತ್ತೆ. ಮೇಲೆ ಹೋಗಿ ತಣ್ಣಗಾದಾಗ ಆವಿ ನೀರಾಗುತ್ತೆ, ಒಳಗಿದ್ದ ಶಾಖ ಹೊರಬೀಳುತ್ತೆ. ಆ ಶಾಖ ಗಾಳಿಯನ್ನು ಇನ್ನೂ ಮೇಲಕ್ಕೆ ತಳ್ಳುತ್ತೆ. ಕೆಳಗೆ ಒತ್ತಡ ಕುಸಿಯುತ್ತೆ, ಸುತ್ತಲ ಗಾಳಿ ಆ ಜಾಗಕ್ಕೆ ನುಗ್ಗುತ್ತೆ. ಭೂಮಿ ತಿರುಗುತ್ತಿರೋದರಿಂದ ನೆಟ್ಟಗೆ ನುಗ್ಗದೆ ಸುತ್ತುತ್ತಾ ಬರುತ್ತೆ.

ಭಾರತೀಯ ಹವಾಮಾನ ಇಲಾಖೆ ಇದನ್ನು ಗಾಳಿಯ ವೇಗದ ಮೇಲೆ ವಿಂಗಡಿಸುತ್ತೆ. ಗಂಟೆಗೆ 31ರಿಂದ 49 ಕಿ.ಮೀ. ಇದ್ದರೆ ವಾಯುಭಾರ ಕುಸಿತ, 50ರಿಂದ 61 ಇದ್ದರೆ ತೀವ್ರ ವಾಯುಭಾರ ಕುಸಿತ, 62ರಿಂದ 88 ಇದ್ದರೆ ಚಂಡಮಾರುತ, ಅದಕ್ಕೂ ಮೇಲೆ ತೀವ್ರ ಚಂಡಮಾರುತ ಮುಂತಾದ ಹಂತಗಳು. ಹೆಸರು ಸಿಗೋದು 62 ದಾಟಿದ ಮೇಲೆ. ನಮ್ಮ ಭಾಗದ 13 ದೇಶಗಳು ಕೊಟ್ಟ 169 ಹೆಸರುಗಳ ಪಟ್ಟಿ 2020ರಲ್ಲಿ ಪ್ರಕಟವಾಯಿತು, ಅದರಿಂದ ಸರದಿಯಂತೆ ಒಂದೊಂದನ್ನೇ ತೆಗೆಯುತ್ತಾರೆ. ಫೆಂಗಲ್ ಸೌದಿ ಅರೇಬಿಯಾ ಕೊಟ್ಟ ಹೆಸರು. ಸರಿಯಾದ ಉಚ್ಚಾರ 'ಫೆಂಜಲ್'ಗೆ ಹತ್ತಿರ, ಆದರೆ ಕನ್ನಡ ಪತ್ರಿಕೆಗಳಲ್ಲಿ ಫೆಂಗಲ್ ಅಂತಲೇ ನಿಂತುಬಿಟ್ಟಿತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಈ ಇಡೀ ವಿಂಗಡಣೆ ಗಾಳಿಯ ಲೆಕ್ಕ. ಮಳೆಯ ಲೆಕ್ಕ ಇದರಲ್ಲಿ ಇಲ್ಲವೇ ಇಲ್ಲ. ಅಟ್ಲಾಂಟಿಕ್‌ನಲ್ಲೂ ಅಷ್ಟೇ: ಗಂಟೆಗೆ 119 ಕಿ.ಮೀ. ಮುಟ್ಟಿದರೆ ಮಾತ್ರ ಹರಿಕೇನ್. ಆ ಕೋಲಿನಲ್ಲಿ ಅಳೆದರೆ ಫೆಂಗಲ್ ಹರಿಕೇನ್ ಆಗ್ತಾನೇ ಇರಲಿಲ್ಲ.

ಫೆಂಗಲ್ ನಡೆದ ದಾರಿ

ನವೆಂಬರ್ 25ರ ವಾಯುಭಾರ ಕುಸಿತ 26ಕ್ಕೆ ತೀವ್ರಗೊಂಡು ಶ್ರೀಲಂಕಾದ ಪೂರ್ವ ತೀರವನ್ನು ಸವರಿಕೊಂಡು ಉತ್ತರಕ್ಕೆ ಸಾಗಿತು. ಅಲ್ಲಿ ಪ್ರವಾಹಕ್ಕೆ ಸಿಕ್ಕಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಆಗ ಇದಕ್ಕಿನ್ನೂ ಹೆಸರೂ ಇರಲಿಲ್ಲ. 29ರ ಮಧ್ಯಾಹ್ನ ಚಂಡಮಾರುತ ಅಂತ ಘೋಷಣೆಯಾಯಿತು. 30ರ ರಾತ್ರಿ ಪುದುಚೇರಿ ಹತ್ತಿರ ತೀರ ದಾಟಿತು.

ದಾಟಿದ ಮೇಲೆ ಅದು ಮುಂದೆ ಹೋಗದೆ ನಿಂತುಬಿಟ್ಟಿತು. ಹಲವು ಗಂಟೆಗಳ ಕಾಲ ಬಹುತೇಕ ಒಂದೇ ಜಾಗದಲ್ಲಿ ಸುತ್ತುತ್ತಾ ಇತ್ತು. ಪುದುಚೇರಿಯಲ್ಲಿ 24 ಗಂಟೆಯಲ್ಲಿ ಅರ್ಧ ಮೀಟರ್ ಹತ್ತಿರ ಮಳೆ ಸುರಿಯಿತು. 2004ರ ಅಕ್ಟೋಬರ್ 31ರ 21 ಸೆಂ.ಮೀ. ದಾಖಲೆ ಎಲ್ಲೋ ಹಿಂದೆ ಉಳಿಯಿತು. ಡಿಸೆಂಬರ್ 1ರಂದು ತಿರುವಣ್ಣಾಮಲೈಯಲ್ಲಿ ಬೆಟ್ಟ ಕುಸಿದು ಮಣ್ಣಿನಡಿ ಏಳು ಜನ ಸಿಕ್ಕಿ ಸತ್ತರು, ಅವರಲ್ಲಿ ಮಕ್ಕಳೇ ಹೆಚ್ಚು. 2ರ ಬೆಳಗಿನ ಜಾವ ಸಾತನೂರು ಅಣೆಕಟ್ಟಿನಿಂದ ತೆನ್‌ಪೆಣ್ಣೈ ನದಿಗೆ 1.68 ಲಕ್ಷ ಕ್ಯುಸೆಕ್ ನೀರು ಬಿಟ್ಟರು.

ಅಷ್ಟು ಹೊತ್ತಿಗೆ ಹವಾಮಾನ ಇಲಾಖೆಯ ಪ್ರಕಟಣೆಗಳಲ್ಲಿ ಫೆಂಗಲ್ ಮೆಟ್ಟಿಲಿಳಿಯುತ್ತಿತ್ತು: ಡಿಸೆಂಬರ್ 1ಕ್ಕೆ ಮತ್ತೆ ವಾಯುಭಾರ ಕುಸಿತ, 2ಕ್ಕೆ ಬರೀ ಕಡಿಮೆ ಒತ್ತಡದ ಪ್ರದೇಶ. ಈ 'ಬರೀ' ಕಡಿಮೆ ಒತ್ತಡ ಏನು ಮಾಡಿತು ನೋಡಿ. ಡಿಸೆಂಬರ್ 2ರ ಬೆಳಿಗ್ಗೆಗೆ ಮುಗಿದ 24 ಗಂಟೆಯಲ್ಲಿ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೈನಲ್ಲಿ 50 ಸೆಂ.ಮೀ. ಮಳೆಯಾಯಿತು. ಕೃಷ್ಣಗಿರಿ ನಮ್ಮ ಪಕ್ಕದ ಜಿಲ್ಲೆ. ಪುದುಚೇರಿಯಿಂದ ಊತ್ತಂಗರೈಗೆ ನೇರ ದೂರ ಸುಮಾರು 145 ಕಿ.ಮೀ., ಊತ್ತಂಗರೈನಿಂದ ಕನಕಪುರಕ್ಕೆ ಸುಮಾರು 125 ಕಿ.ಮೀ. ಅಂದರೆ ಆ ಮಳೆ ಬಿದ್ದದ್ದು ಕಡಲಿಗಿಂತ ನಮಗೇ ಹತ್ತಿರ.

ಅಲ್ಲಿಂದ ಫೆಂಗಲ್‌ನ ಉಳಿಕೆ ತಮಿಳುನಾಡಿನ ಉತ್ತರ ಒಳನಾಡು, ಕರ್ನಾಟಕದ ದಕ್ಷಿಣ ಒಳನಾಡು ದಾಟಿ 3ನೇ ತಾರೀಖು ಅರಬ್ಬಿ ಸಮುದ್ರ ಸೇರಿತು. ಹೋಗುವಾಗ ದಕ್ಷಿಣ ಕನ್ನಡ, ಉಡುಪಿಯಲ್ಲೂ ಶಾಲೆಗಳಿಗೆ ರಜೆ ಕೊಡಿಸಿತು. ಮಧ್ಯೆ ಸಿಕ್ಕ ಬಯಲುಸೀಮೆಗೆ ಅದು ಕೊಟ್ಟಿದ್ದು ಮೋಡ, ಚಳಿ, ಬಿಡದ ಸೋನೆ. ಫೆಂಗಲ್ ಇನ್ನು ನೂರು ಕಿ.ಮೀ. ಪಶ್ಚಿಮಕ್ಕೆ ಬಂದು ನಿಂತಿದ್ದರೆ ಆ 50 ಸೆಂ.ಮೀ. ಎಲ್ಲಿ ಬೀಳುತ್ತಿತ್ತು ಅನ್ನೋದನ್ನು ನಕ್ಷೆ ಮುಂದಿಟ್ಟುಕೊಂಡು ಯಾರು ಬೇಕಾದರೂ ಊಹಿಸಬಹುದು.

ಯಾವ ಸೈಕ್ಲೋನು ನಮ್ಮದು, ಯಾವುದು ಅಲ್ಲ

ಪ್ರತಿ ಸಲ ಸೈಕ್ಲೋನು ಅಂದಾಗಲೂ ಗಾಬರಿ ಬೀಳಬೇಕಾಗಿಲ್ಲ. ದಾರಿ ನೋಡಿದರೆ ಮೂರು ಬಗೆ ಮಾಡಿಕೊಳ್ಳಬಹುದು.

ಮೊದಲನೆಯದು, ಪುದುಚೇರಿಗೂ ಚೆನ್ನೈಗೂ ನಡುವೆ ಅಥವಾ ಅದರ ಆಸುಪಾಸಿನಲ್ಲಿ ತೀರ ದಾಟಿ ಪಶ್ಚಿಮಕ್ಕೆ ಬರುವವು. 2016ರ ಡಿಸೆಂಬರ್ 12ರಂದು ಚೆನ್ನೈಗೆ ಬಡಿದ ವರ್ದಾ, 2022ರ ಡಿಸೆಂಬರ್ 9ರ ರಾತ್ರಿ ಮಾಮಲ್ಲಪುರಂ ಹತ್ತಿರ ದಾಟಿದ ಮಾಂಡೌಸ್, 2024ರ ಫೆಂಗಲ್ ಈ ಸಾಲಿನವು. ಇವುಗಳ ಉಳಿಕೆ ನಮ್ಮ ತಲೆಯ ಮೇಲೋ ಪಕ್ಕದಲ್ಲೋ ಹಾದು ಅರಬ್ಬಿ ಸಮುದ್ರಕ್ಕೆ ಹೋಗುತ್ತೆ. ಇವು ನಮ್ಮವು.

ಎರಡನೆಯದು, ತೀರಕ್ಕೆ ಹತ್ತಿರ ಬಂದು ಉತ್ತರಕ್ಕೆ ತಿರುಗುವವು. 2023ರ ಡಿಸೆಂಬರ್‌ನ ಮಿಚಾಂಗ್ ಚೆನ್ನೈಯನ್ನು ಮುಳುಗಿಸಿತು, ಆದರೆ ದಾಟಿದ್ದು ಆಂಧ್ರದ ಬಾಪಟ್ಲ ಹತ್ತಿರ. ಇಂಥವುಗಳಿಂದ ನಮ್ಮ ಪಾಲಿಗೆ ಬರೋದು ಹೆಚ್ಚಾಗಿ ಮೋಡ, ತಂಪು ಗಾಳಿ.

ಮೂರನೆಯದು ಅರಬ್ಬಿ ಸಮುದ್ರದವು. 2021ರ ಮೇ ತಿಂಗಳ ತೌಕ್ತೆ ಉಡುಪಿ, ದಕ್ಷಿಣ ಕನ್ನಡ, ಉತ್ತರ ಕನ್ನಡದ ತೀರವನ್ನು ಕೊರೆಯಿತು. ನಡುವೆ ಪಶ್ಚಿಮ ಘಟ್ಟ ಇರೋದರಿಂದ ಬಯಲುಸೀಮೆಗೆ ಅದರ ಪೆಟ್ಟು ಕಡಿಮೆ.

ಹಾಗಾದರೆ ತೀರದಿಂದ ಸುಮಾರು 290 ಕಿ.ಮೀ. ಒಳಗೆ, ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವ ರಾಮನಗರದವರೆಗೆ ಮಳೆ ಹೇಗೆ ಬರುತ್ತೆ? ನೆಲಕ್ಕೆ ಹತ್ತಿದ ಕೂಡಲೇ ಸೈಕ್ಲೋನಿಗೆ ಬಿಸಿ ನೀರಿನ ಮೇವು ತಪ್ಪಿಹೋಗುತ್ತೆ, ಗಾಳಿಯ ಬಲ ಇಳಿಯುತ್ತೆ. ಆದರೆ ಅದರೊಳಗಿನ ತೇವ ಒಂದೇ ದಿನಕ್ಕೆ ಖಾಲಿಯಾಗಲ್ಲ. ಸುತ್ತುವ ಗಾಳಿಯ ಉತ್ತರದ ಅಂಚಿನಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಗಾಳಿ ಕೊಲ್ಲಿಯ ತೇವವನ್ನು ಹೊತ್ತು ತರುತ್ತಲೇ ಇರುತ್ತೆ. ನಮ್ಮ ಕಡೆ ಪೂರ್ವ ಘಟ್ಟ ಒಂದೇ ಗೋಡೆಯ ಹಾಗಿಲ್ಲ, ಅಲ್ಲಲ್ಲಿ ಮುರಿದ ಬೆಟ್ಟಸಾಲು. ಆ ಸಂದುಗಳಲ್ಲಿ ಮೋಡ ಸಲೀಸಾಗಿ ಒಳಕ್ಕೆ ಬರುತ್ತೆ. ಮೇಲೆ ಬಂದು ತಣ್ಣಗಾಗಿ ಸೋನೆಯಾಗಿ ಇಳಿಯುತ್ತೆ.

ಗಾಳಿಯ ಪೆಟ್ಟಲ್ಲ, ತೇವದ ಪೆಟ್ಟು

ಪಂಚಾಂಗದ ಲೆಕ್ಕದಲ್ಲಿ ನವೆಂಬರ್ ಮೂರನೇ ವಾರದಿಂದ ಡಿಸೆಂಬರ್ ಮೊದಲ ದಿನಗಳವರೆಗೆ ಅನುರಾಧ ಮಳೆ, ಅಲ್ಲಿಂದ ಮುಂದೆ ಜ್ಯೇಷ್ಠ. ಜುಲೈ-ಆಗಸ್ಟ್‌ನಲ್ಲಿ ಬಿತ್ತಿದ ರಾಗಿ ಕುಯ್ಲಿಗೆ ಬರೋದು ಇದೇ ಹೊತ್ತಿಗೆ. ಕುಯ್ದ ರಾಗಿಯನ್ನು ಹೊಲದಲ್ಲೇ ಅರಿ ಹಾಕಿ ಕೆಲವು ದಿನ ಒಣಗಿಸುತ್ತಾರೆ. ಆಮೇಲೆ ಕಂತೆ ಕಟ್ಟಿ ಮೆದೆ ಹಾಕುತ್ತಾರೆ. ಅರಿ ಹಾಕಿದ ಆ ನಾಲ್ಕೈದು ದಿನವೇ ಇಡೀ ವರ್ಷದ ಅತಿ ಸೂಕ್ಷ್ಮ ದಿನಗಳು.

ನಿಂತ ಪೈರಿಗೆ ಮಳೆ ಹೊಡೆದರೆ ತೆನೆ ಭಾರಕ್ಕೆ ಅದು ಮಲಗುತ್ತೆ. ಮಲಗಿದ ರಾಗಿಯನ್ನು ಕುಯ್ಲಿನ ಮಿಶನ್ ಸರಿಯಾಗಿ ಎತ್ತಲ್ಲ, ಆಳು ಹಾಕಿ ಕುಯ್ಯಿಸಬೇಕು, ಕೂಲಿ ಏರುತ್ತೆ. ಅರಿ ಹಾಕಿದ ರಾಗಿ ನೆನೆದರೆ ಇನ್ನೂ ಕಷ್ಟ. ಎರಡು ಮೂರು ದಿನ ಬಿಸಿಲು ಕಾಣದಿದ್ದರೆ ತೆನೆಯಲ್ಲೇ ಮೊಳಕೆ ಬರುತ್ತೆ, ಕಾಳು ಕಪ್ಪಾಗುತ್ತೆ. ಕಪ್ಪಾದ ರಾಗಿ ಬೆಂಬಲ ಬೆಲೆ ಖರೀದಿ ಕೇಂದ್ರದ ಗುಣಮಟ್ಟದ ಪರೀಕ್ಷೆಯಲ್ಲಿ ನಿಲ್ಲೋದು ಕಷ್ಟ. 2024-25ರಲ್ಲಿ ರಾಗಿಗೆ ಕ್ವಿಂಟಲ್‌ಗೆ 4,290 ರೂಪಾಯಿ ಬೆಂಬಲ ಬೆಲೆ ಇತ್ತು. ಆ ಬಾಗಿಲು ಮುಚ್ಚಿದರೆ ಉಳಿಯೋದು ವ್ಯಾಪಾರಿ ಹೇಳಿದ ರೇಟು.

ಹುಲ್ಲಿನ ಲೆಕ್ಕ ಹಾಕೋದನ್ನು ಪಟ್ಟಣದವರು ಮರೆತುಬಿಡ್ತಾರೆ. ನಮ್ಮ ಜಿಲ್ಲೆಯಲ್ಲಿ ಹಾಲು ತಿಂಗಳ ಸಂಬಳ ಇದ್ದ ಹಾಗೆ. ಆ ಹಾಲಿನ ಹಿಂದೆ ಇರೋದು ರಾಗಿ ಹುಲ್ಲು. ನೆನೆದು ಬೂಸಲು ಹಿಡಿದ ಹುಲ್ಲನ್ನು ದನ ಮೂಸಿ ಬಿಟ್ಟುಬಿಡುತ್ತೆ. ಆಗ ಬೇಸಿಗೆಗೆ ಹುಲ್ಲು ಕೊಳ್ಳಬೇಕು. ಹೀಗೆ ಡಿಸೆಂಬರ್‌ನ ಮಳೆ ಏಪ್ರಿಲ್‌ನಲ್ಲಿ ಹಾಲಿನ ಬಟವಾಡೆಯಲ್ಲಿ ಕಾಣಿಸುತ್ತೆ. ಯಾವ ಸಮೀಕ್ಷೆಯೂ ಅದನ್ನು ಸೈಕ್ಲೋನಿನ ಲೆಕ್ಕಕ್ಕೆ ಬರೆಯಲ್ಲ.

ರೇಷ್ಮೆಯ ಕಥೆ ಇದಕ್ಕಿಂತ ನಾಜೂಕು. ರಾಮನಗರದ ಸರ್ಕಾರಿ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದು ಅಂತ ಹೆಸರಾಗಿದೆ. ಆ ಗೂಡಿನ ಹಿಂದೆ ತೇವಕ್ಕೆ ಹೆದರುವ ಜೀವ ಇದೆ. ನಾಲ್ಕನೇ ಜ್ವರ ಎದ್ದ ಹುಳು ಬಕಾಸುರನ ಹಾಗೆ ಸೊಪ್ಪು ತಿನ್ನುತ್ತೆ. ಒದ್ದೆ ಸೊಪ್ಪು ಕೊಟ್ಟರೆ ರೋಗ. ಸೊಪ್ಪು ಆರಿಸೋಣ ಅಂದರೆ ಬಿಸಿಲಿಲ್ಲ, ಮನೆಯೊಳಗೆ ಜಾಗ ಇಲ್ಲ. ಚಳಿ ಮತ್ತು ತೇವ ಒಟ್ಟಿಗೆ ಬಂದಾಗ ಸುಣ್ಣಕಟ್ಟು ರೋಗ ಹಬ್ಬುತ್ತೆ, ಹುಳು ಸತ್ತು ಸುಣ್ಣದ ಕಡ್ಡಿಯ ಹಾಗೆ ಗಟ್ಟಿಯಾಗುತ್ತೆ. ರೋಗ ತಪ್ಪಿಸಿಕೊಂಡ ಹುಳು ಹಣ್ಣಾಗಿ ಚಂದ್ರಿಕೆ ಏರಿದ ಮೇಲೂ ಗಂಡಾಂತರ ಮುಗಿದಿಲ್ಲ. ಗೂಡು ಕಟ್ಟುವ ಹೊತ್ತಿನಲ್ಲಿ ಗಾಳಿ ಆಡದೆ ತೇವ ನಿಂತರೆ ನೂಲು ಬಿಚ್ಚುವಾಗ ಮತ್ತೆ ಮತ್ತೆ ತುಂಡಾಗುತ್ತೆ. ರೀಲರ್ ಕಣ್ಣಿಗೆ ಅದು ತಕ್ಷಣ ಗೊತ್ತಾಗುತ್ತೆ, ಹರಾಜಿನಲ್ಲಿ ರೇಟು ಇಳಿಯುತ್ತೆ.

ಮಾವಿನಲ್ಲಿ ಕೋಲಾರದ ನಂತರ ರಾಜ್ಯದ ದೊಡ್ಡ ಜಿಲ್ಲೆ ರಾಮನಗರ. ನಮ್ಮ ಬಾದಾಮಿ ಬೇರೆಯವರಿಗಿಂತ ಮೊದಲೇ ಮಾರುಕಟ್ಟೆಗೆ ಬರುತ್ತೆ, ನಮ್ಮ ಲಾಭವೇ ಅದು. ಬೇಗ ಹಣ್ಣು ಬರಬೇಕಾದರೆ ಬೇಗ ಹೂ ಬರಬೇಕು. ಮರ ಹೂ ಬಿಡಬೇಕಾದರೆ ಒಣ ಚಳಿ ಬೇಕು. ಡಿಸೆಂಬರ್‌ನಲ್ಲಿ ನೆಲ ನೆನೆದರೆ ಮರ ಹೂವಿನ ಬದಲು ಚಿಗುರು ಹಾಕುತ್ತೆ. ಬಿಟ್ಟಿರುವ ಹೂವಿಗೆ ಬೂದಿ ರೋಗ, ಜಿಗಿಹುಳುವಿನ ಕಾಟ. ಮಾಗಡಿ ಅವರೆಗೂ ಇದೇ ಗತಿ: ಮೋಡ ಮುಚ್ಚಿಕೊಂಡರೆ ಹೂ ಉದುರುತ್ತೆ, ಕಾಯಿಕೊರಕ ಹೆಚ್ಚುತ್ತೆ. ಚನ್ನಪಟ್ಟಣದ ಬೊಂಬೆ ಕೆಲಸಕ್ಕೆ ಬೇಕಾದ ಹಾಲೆ ಮರವೂ ಒಣಗಿರಬೇಕು. ಹಸಿ ಮರವನ್ನು ಕಡೆದರೆ ಆಮೇಲೆ ಸೀಳು ಬಿಡುತ್ತೆ, ಅರಗಿನ ಬಣ್ಣವೂ ಸರಿಯಾಗಿ ಹಿಡಿಯಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ಇದೇ ಹಿಂಗಾರು ಮಳೆ ನಮ್ಮ ಕೆರೆ ತುಂಬಿಸುತ್ತೆ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ತಿಪ್ಪಗೊಂಡನಹಳ್ಳಿ, ಮಂಚನಬೆಲೆ ದಾಟಿ, ರಾಮನಗರ ಪಟ್ಟಣದೊಳಗೆ ಹರಿದು, ಕನಕಪುರದ ಹಾರೋಬೆಲೆ ಜಲಾಶಯ ತುಂಬಿಸಿ ಸಂಗಮದಲ್ಲಿ ಕಾವೇರಿ ಸೇರುತ್ತೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತ್ತು. ಆ ವರ್ಷ ಇಂಥ ಒಂದು ಸೈಕ್ಲೋನು ಬಂದಿದ್ದರೆ ಜನ ಕೈ ಮುಗೀತಿದ್ದರು. ದೊಡ್ಡಪ್ಪನ ಮಾತಲ್ಲೇ ಹೇಳೋದಾದರೆ: "ಮಳೆ ಬ್ಯಾಡ ಅನ್ನಕ್ಕಾಯ್ತದಾ? ಕುಯ್ದ್ ಮ್ಯಾಕೆ ಬರ್ಬಾರ್ದು, ಅಷ್ಟೇಯ."

ಹೆಸರಿಲ್ಲದ ಮಳೆಗಳು

ಗಾಳಿಯ ಕೋಲಿನಿಂದ ಅಳೆದರೆ ಏನು ತಪ್ಪಿಹೋಗುತ್ತೆ ಅನ್ನೋದಕ್ಕೆ ಎರಡು ಉದಾಹರಣೆ ಕೊಡ್ತೀನಿ.

2021ರ ನವೆಂಬರ್ 19ರ ಮುಂಜಾನೆ ಒಂದು ವಾಯುಭಾರ ಕುಸಿತ ಪುದುಚೇರಿ ಮತ್ತು ಚೆನ್ನೈ ನಡುವೆ ತೀರ ದಾಟಿತು. ಚಂಡಮಾರುತದ ಮಟ್ಟ ಮುಟ್ಟಲೇ ಇಲ್ಲ, ಹೆಸರೂ ಇಲ್ಲ. ಆದರೆ ದಕ್ಷಿಣ ಒಳನಾಡಿನಲ್ಲಿ ಆ ನವೆಂಬರ್ ಹಾಕಿದ ಮಳೆಗೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ರಾಮನಗರದ ಕಡೆ ರಾಗಿ ನೆಲಕಚ್ಚಿತು. ಯಲಹಂಕದ ಅಪಾರ್ಟ್‌ಮೆಂಟ್ ಒಂದಕ್ಕೆ ಕೆರೆ ನೀರು ನುಗ್ಗಿ ನಿವಾಸಿಗಳನ್ನು ದೋಣಿಯಲ್ಲಿ ಸಾಗಿಸಬೇಕಾಯಿತು. ಬೆಳೆ ನಷ್ಟ ಎಷ್ಟು ದೊಡ್ಡದಾಗಿತ್ತು ಅಂದರೆ, ಆ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಕೇಂದ್ರದ ದರದ ಮೇಲೆ ರಾಜ್ಯದಿಂದ ಹೆಚ್ಚುವರಿ ಹಣ ಸೇರಿಸಿ, ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 13,600 ರೂಪಾಯಿ ಕೊಡುವುದಾಗಿ ಪ್ರಕಟಿಸಬೇಕಾಯಿತು.

ಎರಡನೆಯದು 2022ರ ಆಗಸ್ಟ್ ಕೊನೆಯ ದಿನಗಳು. ಅದು ಸೈಕ್ಲೋನೇ ಅಲ್ಲ, ಮುಂಗಾರಿನ ಮಳೆ. ಭಕ್ಷಿ ಕೆರೆಯ ನೀರು ಹೊರನುಗ್ಗಿತು. ಸಂಗಬಸವನದೊಡ್ಡಿ ಹತ್ತಿರ ಬೆಂಗಳೂರು-ಮೈಸೂರು ಹೆದ್ದಾರಿಯ ಮೇಲೆ ಬಸ್ಸು ಕಾರುಗಳು ನೀರಿನಲ್ಲಿ ಸಿಕ್ಕಿಕೊಂಡವು. ರಾಮನಗರದ ತಗ್ಗು ಬಡಾವಣೆಗಳಲ್ಲಿ ಮನೆ, ರೇಷ್ಮೆ ನೂಲುವ ಘಟಕಗಳಿಗೆ ನೀರು ನುಗ್ಗಿತು. ಆಗಸ್ಟ್ 29ರಂದು ಮುಖ್ಯಮಂತ್ರಿಯೇ ಬಂದು ನೋಡಿದರು. ಹೊಸ ಹೆದ್ದಾರಿಯು ನೀರು ಹರಿಯುವ ಹಳ್ಳಗಳಿಗೆ ಅಡ್ಡ ನಿಂತಿದೆ ಎಂಬ ದೂರು ಆಗ ಜೋರಾಗಿ ಕೇಳಿಬಂತು. ಈ ಪಟ್ಟಣ ದೊಡ್ಡ ಮಳೆಯನ್ನು ಹೇಗೆ ತಾಳುತ್ತೆ ಅನ್ನೋದಕ್ಕೆ ಅದೇ ಪರೀಕ್ಷೆ. ಊತ್ತಂಗರೈನಂಥ ಮಳೆ ಇಲ್ಲಿ ಬಿದ್ದರೆ ಏನು ಗತಿ ಅಂತ ಕೇಳಿಕೊಳ್ಳಲು ಬೇರೆ ಕಾರಣ ಬೇಕಿಲ್ಲ.

ಅಟ್ಲಾಂಟಿಕ್ ಕಡೆಯ ಪಾಠ

ಕಡಲಿಂದ ದೂರದ ಎತ್ತರದ ಊರಿಗೆ ಸೈಕ್ಲೋನು ಏನು ಮಾಡಬಲ್ಲದು ಅನ್ನೋದಕ್ಕೆ ಫೆಂಗಲ್‌ಗೆ ಎರಡು ತಿಂಗಳು ಮೊದಲು ಅಮೆರಿಕದಲ್ಲಿ ಸಾಕ್ಷಿ ಸಿಕ್ಕಿತ್ತು. 2024ರ ಸೆಪ್ಟೆಂಬರ್ 26ರ ರಾತ್ರಿ ಹರಿಕೇನ್ ಹೆಲೀನ್ ಗಂಟೆಗೆ ಸುಮಾರು 225 ಕಿ.ಮೀ. ವೇಗದಲ್ಲಿ ಫ್ಲಾರಿಡಾ ತೀರಕ್ಕೆ ಬಡಿಯಿತು. ಎಲ್ಲರ ಕಣ್ಣೂ ಫ್ಲಾರಿಡಾದ ಮೇಲಿತ್ತು. ಆದರೆ ಅತಿ ಹೆಚ್ಚು ಸಾವಾದದ್ದು ಅಲ್ಲಿಂದ 600 ಕಿ.ಮೀ.ಗೂ ದೂರದ ನಾರ್ತ್ ಕೆರೊಲೈನಾದಲ್ಲಿ. ಅಲ್ಲಿನ ಪಶ್ಚಿಮ ಭಾಗದ ಬೆಟ್ಟಗಳಲ್ಲಿ ಹೆಲೀನ್ ಬರುವ ಮೊದಲೇ ಮಳೆ ಸುರಿದು ನೆಲ ನೆನೆದಿತ್ತು. ಮೇಲೆ ಇದರ ಮಳೆ ಬಿತ್ತು. ಆ ಒಂದು ರಾಜ್ಯದಲ್ಲೇ ನೂರಕ್ಕೂ ಹೆಚ್ಚು ಜನ ಸತ್ತರು. ಸುಮಾರು 650 ಮೀಟರ್ ಎತ್ತರದ ಆಶ್‌ವಿಲ್ ಪಟ್ಟಣಕ್ಕೆ 53 ದಿನ ಕುಡಿಯುವ ನೀರಿನ ನಲ್ಲಿ ಬಂದ್ ಆಯಿತು. ಬೆಟ್ಟದ ಮೇಲಿದ್ದೀವಿ, ನಮಗೆ ಹರಿಕೇನ್ ಬರಲ್ಲ ಅಂತ ಅಲ್ಲಿಗೆ ಬಂದು ನೆಲೆಸಿದವರೂ ಇದ್ದರು.

ಹೆಲೀನ್‌ಗೂ ಫೆಂಗಲ್‌ಗೂ ಗಾಳಿಯಲ್ಲಿ ಹೋಲಿಕೆಯೇ ಇಲ್ಲ. ಆದರೆ ಪಾಠ ಒಂದೇ: ತೀರದಲ್ಲಿ ಸುದ್ದಿಯಾಗೋದು ಗಾಳಿ, ಒಳನಾಡಿನಲ್ಲಿ ಕೊಲ್ಲೋದು ನೀರು. ವಾತಾವರಣ ಒಂದು ಡಿಗ್ರಿ ಬಿಸಿಯಾದರೆ ಗಾಳಿ ಸುಮಾರು 7% ಹೆಚ್ಚು ತೇವ ಹೊರಬಲ್ಲದು. ಅಂದರೆ ಮುಂದಿನ ದಿನಗಳಲ್ಲಿ ಕಾಯಬೇಕಾದ್ದು ಈ ಎರಡನೆಯದನ್ನು.

ಪರಿಹಾರದ ಗಣಿತ

ಡಿಸೆಂಬರ್ 6ರಂದು ಕೇಂದ್ರ ಸರ್ಕಾರ ತಮಿಳುನಾಡಿಗೆ ವಿಪತ್ತು ನಿಧಿಯ 944.80 ಕೋಟಿ ರೂಪಾಯಿ ಬಿಡುಗಡೆ ಮಾಡಿತು. ಅಲ್ಲಿನ ನಷ್ಟಕ್ಕೆ ಅದು ಸಾಲದು ಅನ್ನೋದು ಬೇರೆ ಮಾತು. ಗಡಿಯ ಈ ಕಡೆ, ಅದೇ ಮೋಡದ ಕೆಳಗೆ ರಾಗಿ ನೆನೆಸಿಕೊಂಡವನಿಗೆ ದಾರಿ ಏನು?

ಒಂದು ದಾರಿ ರಾಜ್ಯ ವಿಪತ್ತು ಪರಿಹಾರ ನಿಧಿ, ಅಂದರೆ ಎಸ್‌ಡಿಆರ್‌ಎಫ್. ಇದಕ್ಕೆ ಕೇಂದ್ರದ ವಿಪತ್ತುಗಳ ಪಟ್ಟಿ ಇದೆ. ಚಂಡಮಾರುತ, ಪ್ರವಾಹ, ಬರ, ಆಲಿಕಲ್ಲು, ಮೇಘಸ್ಫೋಟ ಎಲ್ಲ ಅದರಲ್ಲಿವೆ. 'ಅಕಾಲಿಕ ಮಳೆ' ಅನ್ನೋ ಪದ ಇಲ್ಲ. ಮೂರು ದಿನದ ಸೋನೆ ಪ್ರವಾಹವೂ ಅಲ್ಲ, ಮೇಘಸ್ಫೋಟವೂ ಅಲ್ಲ. ಚಂಡಮಾರುತ ಅನ್ನೋಣ ಅಂದರೆ ನಮ್ಮ ಗಡಿ ದಾಟುವ ಹೊತ್ತಿಗೆ ಅದು ಕಡಿಮೆ ಒತ್ತಡದ ಪ್ರದೇಶ. ನಮ್ಮ ಕಡೆಯ ಒಂದು ಕಚೇರಿಯಲ್ಲಿ "ನಿಮ್ ತಾಲ್ಲೂಕಿಗೆ ಸೈಕ್ಲೋನ್ ಎಲ್ ಬಂದಿತ್ರೀ?" ಅಂತ ಕೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೀನಿ. ಕೇಳಿದವರದ್ದು ದುರುದ್ದೇಶ ಅಲ್ಲ, ಅವರ ಕೈಲಿದ್ದ ನಮೂನೆಯಲ್ಲಿ ನಮ್ಮ ನಷ್ಟಕ್ಕೆ ಕಾಲಂ ಇರಲಿಲ್ಲ.

ಕಾಲಂ ಸಿಕ್ಕರೂ ದುಡ್ಡು ಎಷ್ಟು? ಕನಿಷ್ಠ 33% ಬೆಳೆ ಹಾಳಾಗಿರಬೇಕು. 2022-26ರ ಕೇಂದ್ರದ ದರದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಯಲ್ಲಿ. ಎಕರೆಗೆ ಲೆಕ್ಕ ಹಾಕಿದರೆ ಸುಮಾರು 3,440. ಆ ವರ್ಷ ಒಂದು ಕ್ವಿಂಟಲ್ ರಾಗಿಯ ಬೆಂಬಲ ಬೆಲೆಯೇ 4,290. ಒಂದು ಎಕರೆ ಕಳೆದುಕೊಂಡವನಿಗೆ ಒಂದು ಕ್ವಿಂಟಲ್‌ನ ಬೆಲೆಯೂ ಬರಲ್ಲ. ಹಿಪ್ಪುನೇರಳೆಗೆ ಹೆಕ್ಟೇರಿನ ಲೆಕ್ಕದಲ್ಲಿ ನೆರವಿದೆ, ತಟ್ಟೆಯಲ್ಲಿ ಸತ್ತ ಹುಳುವಿಗೆ ಲೆಕ್ಕವೇ ಇಲ್ಲ.

ಇನ್ನೊಂದು ದಾರಿ ಬೆಳೆ ವಿಮೆ. ಇದರ ಬಗ್ಗೆ ನಮ್ಮವರಿಗೆ ಗೊತ್ತಿರುವುದು ಕಡಿಮೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳ್ತೀನಿ. ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರು ಬೆಳೆಗೆ ರೈತನ ಪಾಲು ವಿಮಾ ಮೊತ್ತದ 2%. ಸಾಮಾನ್ಯವಾಗಿ ಪರಿಹಾರ ಸಿಗೋದು ಗ್ರಾಮ ಪಂಚಾಯಿತಿ ಅಥವಾ ಹೋಬಳಿ ಮಟ್ಟದ ಬೆಳೆ ಕಟಾವು ಪ್ರಯೋಗದ ಸರಾಸರಿ ಮೇಲೆ. ಆದರೆ ಒಂದು ಅಂಶ ವೈಯಕ್ತಿಕ: ಕುಯ್ದು ಹೊಲದಲ್ಲೇ ಒಣಗಲು ಬಿಟ್ಟ ಬೆಳೆ, ಕುಯ್ದ ದಿನದಿಂದ 14 ದಿನದೊಳಗೆ ಚಂಡಮಾರುತ, ಚಂಡಮಾರುತದ ಮಳೆ ಅಥವಾ ಅಕಾಲಿಕ ಮಳೆಗೆ ಸಿಕ್ಕಿ ಹಾಳಾದರೆ ಆ ರೈತನ ಹೊಲವನ್ನೇ ನೋಡಿ ಪರಿಹಾರ ಕೊಡಬೇಕು. ವಿಪತ್ತು ನಿಧಿಯ ಪಟ್ಟಿಗೆ ಗೊತ್ತಿಲ್ಲದ ಅಕಾಲಿಕ ಮಳೆ ವಿಮೆಗೆ ಗೊತ್ತಿದೆ. ಅರಿ ಹಾಕಿದ ರಾಗಿಗೆ ಹೇಳಿ ಮಾಡಿಸಿದ ಹಾಗಿರುವ ನಿಯಮ ಇದು.

ಷರತ್ತು ಏನೆಂದರೆ 72 ಗಂಟೆಯೊಳಗೆ ತಿಳಿಸಬೇಕು: ವಿಮಾ ಕಂಪನಿಗೋ, ಬ್ಯಾಂಕಿಗೋ, ಕೃಷಿ ಇಲಾಖೆಗೋ, 14447 ಸಹಾಯವಾಣಿಗೋ. ಸೋನೆ ಮಳೆಯ ಸಮಸ್ಯೆ ಇಲ್ಲೇ ಇದೆ. ಆಲಿಕಲ್ಲು ಬಿದ್ದರೆ ಆ ಕ್ಷಣವೇ ನಷ್ಟ ಕಣ್ಣಿಗೆ ಕಾಣುತ್ತೆ. ಸೋನೆಯಲ್ಲಿ ನೆನೆದ ರಾಗಿಯನ್ನು ಮನುಷ್ಯ ನಾಳೆ ಬಿಸಿಲು ಬರಬಹುದು ಅಂತ ಕಾಯುತ್ತಾನೆ. ಮೂರನೇ ದಿನ ಮೊಳಕೆ ಕಂಡಾಗ ಗಡಿಯಾರ ಮುಗಿದಿರುತ್ತೆ.

ಹಾಗಾದರೆ ಏನು ಕೇಳಬೇಕು

ಮೊದಲನೆಯದು, ಎಚ್ಚರಿಕೆಯ ಭಾಷೆ ಬದಲಾಗಲಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಇವೆ, ವರುಣಮಿತ್ರ ಸಹಾಯವಾಣಿ ಇದೆ. ಫೆಂಗಲ್ ವಿಷಯದಲ್ಲಿ ಕೊಲ್ಲಿಯ ವಾಯುಭಾರ ಕುಸಿತಕ್ಕೂ ನಮ್ಮ ಮಳೆಗೂ ನಡುವೆ ಐದಾರು ದಿನ ಸಮಯ ಇತ್ತು. 'ಯೆಲ್ಲೋ ಅಲರ್ಟ್' ಅಂದರೆ ಹೊಲದಲ್ಲಿರುವವನಿಗೆ ಏನೂ ಅರ್ಥ ಆಗಲ್ಲ. 'ಈ ವಾರ ರಾಗಿ ಕುಯ್ಯಬೇಡಿ, ಕುಯ್ದಿದ್ದರೆ ಶನಿವಾರದೊಳಗೆ ಮೆದೆ ಹಾಕಿ ಮುಚ್ಚಿ' ಅಂದರೆ ಆಗುತ್ತೆ. ಪಂಚಾಯಿತಿ ಮೈಕಿನಲ್ಲಿ, ಡೇರಿಯಲ್ಲಿ ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಈ ಮಾತು ಹೇಳಿದರೆ ಸಾಕು. ಇದಕ್ಕೆ ಕೋಟಿ ಬೇಡ.

ಎರಡನೆಯದು, ಟಾರ್ಪಾಲು ಮತ್ತು ಕಣ. ರೈತ ಸಂಪರ್ಕ ಕೇಂದ್ರಗಳಲ್ಲಿ ಸಬ್ಸಿಡಿ ಟಾರ್ಪಾಲು ಕೊಡುವ ವ್ಯವಸ್ಥೆ ಇದೆ. ಅದು ಅಕ್ಟೋಬರ್‌ನೊಳಗೆ ಕೈಗೆ ಸೇರಬೇಕು, ಮಳೆ ನಿಂತ ಮೇಲಲ್ಲ. ಟಾರು ರಸ್ತೆಯ ಮೇಲೆ ಒಕ್ಕಣೆ ಮಾಡುವ ಊರುಗಳಿಗೆ ಸೂರು ಇರುವ ಸಾಮೂಹಿಕ ಕಣ ಬೇಕು.

ಮೂರನೆಯದು, 72 ಗಂಟೆಯ ನಿಯಮ. ಬಿಡದೆ ಸುರಿಯುವ ಮಳೆಗೆ ಗಡಿಯಾರ ಶುರುವಾಗಬೇಕಾದ್ದು ಮಳೆ ನಿಂತ ದಿನದಿಂದ. ಅಕಾಲಿಕ ಮಳೆ ವಿಪತ್ತು ನಿಧಿಯ ಕೇಂದ್ರ ಪಟ್ಟಿಗೂ ಸೇರಬೇಕು. ಸೇರುವವರೆಗೆ, ರಾಜ್ಯಕ್ಕೆ ತನ್ನದೇ ಸ್ಥಳೀಯ ವಿಪತ್ತುಗಳಿಗೆ ನಿಧಿಯ 10% ಬಳಸುವ ಅವಕಾಶ ಇದೆ, ಅದರಡಿ ತರಬಹುದು.

2025ರ ಮೇ ತಿಂಗಳಲ್ಲಿ ರಾಜ್ಯ ಸಂಪುಟ ಈ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಅಂತ ಬದಲಿಸಲು ತೀರ್ಮಾನಿಸಿತು. ಹೆಸರಿನ ಮೇಲೆ ಬೇಕಾದಷ್ಟು ಜಗಳ ಆಯಿತು. ಮಾಜಿ ಮುಖ್ಯಮಂತ್ರಿಗಳನ್ನೂ ಉಪಮುಖ್ಯಮಂತ್ರಿಯನ್ನೂ ಆರಿಸಿ ಕಳಿಸಿದ ನೆಲ ಇದು, ಇಲ್ಲಿನ ರಾಜಕೀಯಕ್ಕೆ ದನಿ ಕಡಿಮೆ ಅಂತ ಯಾರೂ ಹೇಳಲ್ಲ. ಮುಂದಿನ ನವೆಂಬರ್‌ನಲ್ಲಿ ಕೊಲ್ಲಿಯಲ್ಲಿ ಮತ್ತೊಂದು ಕುಸಿತ ಎದ್ದಾಗ, ನಿಮ್ಮ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಎರಡು ವಿಷಯ ಹಾಕಿ: ಅದು ತೀರ ದಾಟುವ ಜಾಗ ಪುದುಚೇರಿ-ಚೆನ್ನೈ ಕಡೆಯದಾ, ಮತ್ತು 14447. ಆಮೇಲೆ ನಿಮ್ಮ ಶಾಸಕರಿಗೆ ಫೋನ್ ಮಾಡಿ, ಟಾರ್ಪಾಲು ಬಂತಾ ಅಂತ ಕೇಳಿ.